ಇಪ್ಪತ್ತೈದನೇ ತಾರೀಖಿನ ಬೆಂಕಿ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

ನಡುರಾತ್ರಿಯಲ್ಲಿ ಪೆನ್ನಿನ ತುದಿ ಒತ್ತುವ ಸದ್ದು. ಅವಳು ಎದ್ದು ಇಣುಕಿದಳು. ಅಡುಗೆಮನೆಯ ಮೇಜಿಗೆ ಬಾಗಿ ಗಂಡ ಏನನ್ನೋ ಬರೆಯುತ್ತಿದ್ದ.

"ಏನ್ರೀ ಅದು?"

ದಪ್ಪ ಪುಸ್ತಕ ತಟ್ಟನೆ ಮುಚ್ಚಿಕೊಂಡಿತು. "ಏನಿಲ್ಲ ಕಣೇ, ಗಿರಾಕಿ ಅಳತೆ. ನೀನು ಮಲ್ಕೋ."

ಅವನು ದರ್ಜಿ. ಅಳತೆ ಬರೆಯಲು ಅವನಿಗೆ ಒಂದು ಚೀಟಿ ಸಾಕು. ಅದೂ ಸಿಗದಿದ್ದರೆ ಅಂಗೈ ಸಾಕು. ಅವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಬರುವ ತಿಂಗಳು ಇಬ್ಬರೂ ಸೇರಿ ಸ್ವಂತ ಅಂಗಡಿ ಇಡುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿ ಅವಳ ಚಿನ್ನದ ಬಳೆಗಳು ಆಗಲೇ ಕೈಬಿಟ್ಟು ಮಾರಾಟವಾಗಿದ್ದವು. ಇಷ್ಟು ವರ್ಷ ಬೇರೆಯವರ ಅಂಗಡಿಯಲ್ಲಿ ಹೊಲಿದು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದವನು ಈ ನಡುವೆ ತಡಮಾಡುತ್ತಿದ್ದ. ಕೇಳಿದರೆ ಒಂದು ದಿನ ಗುಂಡಿ ತರಲು ಹೋಗಿದ್ದೆ ಎನ್ನುವುದು, ಇನ್ನೊಂದು ದಿನ ನೂಲು.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ಪುಸ್ತಕ ತೆರೆದಳು. ಓದುತ್ತ ಓದುತ್ತ ಅಲ್ಲೇ ಕುಸಿದು ಕೂತಳು. ಅವನು ಕೆಲಸಕ್ಕೆ ಹೊರಟ ಮೇಲೆ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಇವರು ನಂಗೆ ಗೊತ್ತಿಲ್ಲದ ಹಾಗೆ ಬಟ್ಟೆ ವ್ಯಾಪಾರ ಶುರು ಮಾಡಿದಾರೆ. ಒಂದನೇ ತಾರೀಖು. ಐದು ಲಕ್ಷ ಬಂಡವಾಳ."

"ಐದು ಲಕ್ಷ! ಅದೆಲ್ಲಿಂದ ಬಂತೇ?"

"ಅದೇ ಗೊತ್ತಿಲ್ಲ. ಒಂಬತ್ತನೇ ತಾರೀಖು ಮನೆ ಬಳಕೆಗೆ ಅಂತ ಅಂಗಡಿಯಿಂದ ಬಟ್ಟೆ ತಗೊಂಡಿದಾರೆ. ನಮ್ಮನೆಗೆ ಒಂದು ಕರವಸ್ತ್ರಾನೂ ಬಂದಿಲ್ಲ."

"ಮತ್ತೆ ಯಾವ ಮನೆಗೆ?"

"ಇನ್ನೂ ಇದೆ. ಇಪ್ಪತ್ತೈದನೇ ತಾರೀಖು ಬೆಂಕಿ ಬಿದ್ದು ಅರ್ಧ ಸರಕು ಸುಟ್ಟು ಹೋಯ್ತಂತೆ. ವಿಮೆ ದುಡ್ಡೂ ಬಂತಂತೆ."

"ಅಯ್ಯೋ ಪಾಪ!"

"ಅಕ್ಕಾ, ಇವತ್ತಿನ್ನೂ ಹತ್ತೊಂಬತ್ತು."

ಅಕ್ಕ ದನಿ ತಗ್ಗಿಸಿದಳು. "ಅವತ್ತು ನಮ್ಮನೇಲಿ ಎಲ್ಲರ ಮುಂದೆ ಆಡ್ಕೊಂಡೆಯಲ್ಲ, ಹಾಲಿನ ಲೆಕ್ಕ ಬರದವರು ಅಂಗಡಿ ಲೆಕ್ಕ ಇಡ್ತಾರಾ ಅಂತ. ಈಗ ನೋಡು, ಹೆಂಗಿಟ್ಟಿದಾರೆ ಲೆಕ್ಕ! ಮುಂದೆ ಸುಡೋದನ್ನೂ ಈಗಲೇ ಬರೆದಿಟ್ಟಿದಾರೆ. ಸಂಜೆ ಅವರ ಹಿಂದೇನೇ ಹೋಗು."

ಸಂಜೆ ಹೋದಳು. ಗಂಡ ಗುಂಡಿ ಅಂಗಡಿ ದಾಟಿದ. ನೂಲಿನ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಹಿಟ್ಟಿನ ಗಿರಣಿಯ ಪಕ್ಕದ ಮೆಟ್ಟಿಲು ಹತ್ತಿ ಮಾಯವಾದ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳೂ ಹತ್ತಿದಳು. ಮೇಲೆ ಅರ್ಧ ಮುಚ್ಚಿದ ಬಾಗಿಲು. ಒಳಗೆ ಹೆಂಗಸಿನ ದನಿ.

"ಎಲ್ಲರೂ ಬೆಂಕಿವರೆಗೆ ಬಂದ್ರಾ?"

"ನಾನಿನ್ನೂ ಸಾಲದಲ್ಲೇ ಇದೀನಿ," ಎಂದಿತು ಯಾವುದೋ ಗಂಡಸಿನ ದನಿ. ನಾಲ್ಕಾರು ಜನ ನಕ್ಕರು.

"ನನ್ನದು ನಿನ್ನೆ ರಾತ್ರೀನೇ ಸುಟ್ಟಾಯ್ತು," ಎಂದ ಅವಳ ಗಂಡ. ದನಿಯಲ್ಲಿ ಹೆಮ್ಮೆ ಬೇರೆ.

ವಿಮೆ ದುಡ್ಡಿಗೆ ಬೆಂಕಿ ಇಡುವವರು ಒಬ್ಬರಲ್ಲ, ಒಂದು ಗುಂಪೇ! ಬಳೆ ಹೋದರೆ ಹೋಗಲಿ, ಮನುಷ್ಯ ಜೈಲಿಗೆ ಹೋಗಬಾರದು. ಅವಳು ಬಾಗಿಲು ತಳ್ಳಿಬಿಟ್ಟಳು.

"ಆ ಬಟ್ಟೆ ಯಾವ ಮನೆಗೆ ಹೋಯ್ತು? ಮೊದಲು ಅದನ್ನ ಹೇಳಿ!"

ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ನಿಧಾನವಾಗಿ ತಿರುಗಿದರು.

"ಒಳ್ಳೇ ಪ್ರಶ್ನೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಯಾವ ಮನೆಗೆ ಹೋದ್ರೂ ಅಂಗಡಿಗೆ ಒಂದೇನಮ್ಮ. ಮಾಲೀಕರ ಖಾತೆಗೆ ಖರ್ಚು, ಖರೀದಿ ಖಾತೆಗೆ ಜಮಾ. ಕೂತ್ಕೊಳ್ಳಿ. ಹೊಸದಾಗಿ ಸೇರಿದ್ದಾ?"

ಅವರ ಕೈಯಲ್ಲಿ ಸೀಮೆಸುಣ್ಣವಿತ್ತು. ಬೆಂಚುಗಳ ಮೇಲೆ ಕ್ಷೌರಿಕ, ತರಕಾರಿಯಾಕೆ, ಸೈಕಲ್ ರಿಪೇರಿಯವನು, ಎಲ್ಲರ ಮುಂದೆಯೂ ಅದೇ ದಪ್ಪ ಪುಸ್ತಕ. ಎಲ್ಲರೂ ಒಂದನೇ ತಾರೀಖು, ಅದೇ ಐದು ಲಕ್ಷ ಹಾಕಿ, ಅದೇ ಬಟ್ಟೆ ವ್ಯಾಪಾರ ಶುರುಮಾಡಿದ್ದರು. ಕಪ್ಪುಹಲಗೆಯ ನೆತ್ತಿಯಲ್ಲಿ ದುಂಡಗೆ ಬರೆದಿತ್ತು: 'ಅಭ್ಯಾಸ ನಾಲ್ಕು. ಒಬ್ಬ ಹೊಸ ವ್ಯಾಪಾರಿಯ ಈ ಕೆಳಗಿನ ವ್ಯವಹಾರಗಳನ್ನು ಪುಸ್ತಕದಲ್ಲಿ ದಾಖಲಿಸಿ.'

ಹಿಂದಿನ ಬೆಂಚಿನಲ್ಲಿ ಕಿವಿಯವರೆಗೂ ಕೆಂಪಾಗಿದ್ದ ಗಂಡ ಸರಿದು ಜಾಗ ಬಿಟ್ಟ.

"ಎಲ್ಲರ ಮುಂದೆ ಹಂಗಂದೆಯಲ್ಲ," ಎಂದ ಪಿಸುದನಿಯಲ್ಲಿ. "ಅಂಗಡಿ ಇಡೋದ್ರೊಳಗೆ ಲೆಕ್ಕ ಬರೆಯೋದು ಕಲಿತು ನಿಂಗೆ ತೋರಿಸೋಣ ಅಂತಿದ್ದೆ. ಅದಿರಲಿ, ನೀನ್ಯಾಕೆ ಬಂದೆ?"

"ನಾನೂ ಕಲಿಯೋಣ ಅಂತ," ಎಂದಳು. ಬಂದ ಕಾರಣವನ್ನು ಗಂಡನಿಗೂ, ಇಲ್ಲಿ ಕಂಡದ್ದನ್ನು ಅಕ್ಕನಿಗೂ ಈ ಜನ್ಮದಲ್ಲಿ ಹೇಳಬಾರದೆಂದು ಕೂರುವಾಗಲೇ ನಿರ್ಧರಿಸಿಬಿಟ್ಟಿದ್ದಳು.