ಐದನೇ ತರಗತಿಗೆ ನುಗ್ಗಿದವನು

ಮುಸುಕಿನವನು ಹಿಂಬದಿಯ ಕಾಂಪೌಂಡ್ ಹಾರಿ ಶಾಲೆಯೊಳಗೆ ಇಳಿದಾಗ ಬೆಳಿಗ್ಗೆ ಹತ್ತೂವರೆ. ಕೈಯಲ್ಲಿ ಮಚ್ಚು. ಗಂಟೆ ತೂಗುಹಾಕಿದ್ದ, ಆಯಮ್ಮ ಕೂರುವ ಕಾರಿಡಾರೇ ಹತ್ತಿರದ ದಾರಿ, ಅತ್ತ ಸುಳಿಯಲಿಲ್ಲ. ಸುತ್ತು ಬಳಸಿ, ಗೋಡೆಗೆ ಅಂಟಿಕೊಂಡು ಬಂದು ಐದನೇ ತರಗತಿಯ ಬಾಗಿಲು ಒದ್ದ.

"ಯಾರೂ ಅಲ್ಲಾಡಬಾರದು!" ದನಿ ಗೊಗ್ಗರು ಮಾಡಿಕೊಂಡು ಕೂಗಿದ.

ಅಲ್ಲಾಡುವುದಾದರೂ ಹೇಗೆ? ಮಕ್ಕಳ ಬೆಂಚುಗಳ ಕೆಳಗೆ ಸಿಕ್ಕಿಕೊಂಡಿದ್ದವರು ಹನ್ನೊಂದು ಮಂದಿ ಮೇಷ್ಟ್ರುಗಳು. ಗಣಿತದವರ ಹೊಟ್ಟೆ ಹೊರಗೇ ಉಳಿದಿತ್ತು. ಅಂದು ರಜೆ, ಮಕ್ಕಳಿರಲಿಲ್ಲ. ಮಚ್ಚು ಮರದ್ದು. ಮುಸುಕಿನೊಳಗಿದ್ದವನು ಕಾನ್‌ಸ್ಟೇಬಲ್.

ಹಾಗೆಂದು ಇದು ಆಟವಲ್ಲ. ಹೋದ ವರ್ಷ ಇನ್ನೊಂದು ಊರಿನ ಶಾಲೆಗೆ ನಿಜವಾದ ಮಚ್ಚು ನುಗ್ಗಿದಾಗ, ಪೊಲೀಸರು ಆದೇಶ ಕಾಯುತ್ತ ಹತ್ತು ನಿಮಿಷ ಹೊರಗೇ ನಿಂತಿದ್ದರು. ಆ ಹತ್ತು ನಿಮಿಷವನ್ನು ಇನ್‌ಸ್ಪೆಕ್ಟರಿಗೆ ಇನ್ನೂ ನುಂಗಿಕೊಳ್ಳಲಾಗಿರಲಿಲ್ಲ. ಅಂದಿನಿಂದ ಅವರದು ಒಂದೇ ಮಾತು: "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ." ಹೊಸದಾಗಿ ಸೇರಿದ ನಾಲ್ವರ ತಲೆಗೆ ಅದು ಹೊಕ್ಕಿದೆಯೋ ಇಲ್ಲವೋ, ಇವತ್ತು ಪರೀಕ್ಷೆ.

"ಬೇರೆ ಶಾಲೆಯಲ್ಲಿ ಮಾಡಿದ್ರೆ ಆಗಲ್ವಾ ಸರ್?" ಎಂದು ಕಾನ್‌ಸ್ಟೇಬಲ್ ಗೋಗರೆದಿದ್ದ.

"ಏನಯ್ಯಾ, ಮರದ ಮಚ್ಚು ಹಿಡಿಯೋಕೂ ಪುಕ್ಕಲಾ?"

ಅವನು ಮುಸುಕನ್ನು ಇನ್ನೊಂದು ಸುತ್ತು ಬಿಗಿದಿದ್ದ.

ಬೂಟುಗಳ ಸದ್ದು ಓಡಿ ಬಂತು. ಬಾಗಿಲಾಚೆ ನಿಂತೂಬಿಟ್ಟಿತು.

"ನೀನು ಹೋಗು."

"ನೀನೇ ಸೀನಿಯರ್ ಅಲ್ವಾ?"

"ಎರಡೇ ದಿನಕ್ಕೆ ಕಣೋ!"

ಒಳಗೆ ಕಾನ್‌ಸ್ಟೇಬಲ್‌ಗೆ ಮೈ ಪರಚಿಕೊಳ್ಳುವಂತಾಯಿತು. ಬನ್ರೋ ಒಳಗೆ, ನಿಮ್ಮ ಮನೆ ಹಾಳಾಗ! ಇಲ್ಲಿ ಮಕ್ಕಳಿದ್ದಿದ್ದರೆ?

ಬಾಗಿಲು ತೆರೆಯಿತು. ಬಂದದ್ದು ಪೊಲೀಸರಲ್ಲ. "ಸ್ವಲ್ಪ ಸರೀರಪ್ಪಾ," ಎಂದು ನಾಲ್ವರನ್ನೂ ಪಕ್ಕಕ್ಕೆ ತಳ್ಳಿ ಬಂದವಳು ಶಾಲೆಯ ಆಯಮ್ಮ. ಕೈಯಲ್ಲಿ ನೆಲ ಒರೆಸುವ ಕೋಲು.

ಮೊದಲ ಏಟಿಗೆ ಮಚ್ಚು ಹಾರಿತು. ಎರಡನೆಯದು ಬೆನ್ನಿಗೆ.

"ಅಮ್ಮಾ! ಸಾಕು! ಇದು ಬರೀ ಅಭ್ಯಾಸ!"

"ಗೊತ್ತು," ಎಂದು ಮೂರನೆಯದನ್ನೂ ಕೊಟ್ಟಳು.

ಅವನು ನೆಲಕ್ಕೆ ಕುಸಿದ. ಬೆಂಚುಗಳ ಕೆಳಗಿನಿಂದ ಚಪ್ಪಾಳೆ.

ಇನ್‌ಸ್ಪೆಕ್ಟರ್ ಕೆಂಡವಾಗಿ ಒಳಬಂದರು. "ಐವತ್ತೆಂಟರ ಹೆಂಗಸು ಒಳಗೆ ಬಂದ್ರು. ನೀವು ನಾಲ್ಕು ಜನ ಬಾಗಿಲು ಬಿದ್ದುಹೋಗ್ದಂಗೆ ಹಿಡ್ಕೊಂಡಿದ್ರಾ? ನಾಳೆ ಮತ್ತೆ ಇದೇ ಪರೀಕ್ಷೆ, ನಾಡಿದ್ದೂ!" ನಾಲ್ಕೂ ತಲೆ ಕೆಳಗಾದವು.

ಆಮೇಲೆ ಆಯಮ್ಮನ ಕಡೆ ತಿರುಗಿ ಸೆಲ್ಯೂಟ್ ಹೊಡೆದರು. "ನಿಮ್ಮ ಧೈರ್ಯ ದೊಡ್ಡದಮ್ಮಾ. ಆದ್ರೆ ಅಭ್ಯಾಸ ಅಂತ ಗೊತ್ತಿದ್ದೂ ಇಷ್ಟು ಜೋರಾಗಿ ಯಾಕೆ ಬಾರಿಸಿದ್ರಿ?"

ಆಯಮ್ಮ ಕೋಲನ್ನು ಗೋಡೆಗೆ ಒರಗಿಸಿದಳು.

"ಹೆತ್ತವಳಿಗೆ ಮೂರು ತಿಂಗಳಿಂದ ಮುಖ ತೋರಿಸದವನು ಇವತ್ತು ಮುಖ ಮುಚ್ಕೊಂಡು ಬಂದ್ರೆ, ಸುಮ್ನೆ ಬಿಡ್ಬೇಕಾ ಸಾರ್?"