ಚೆಂಡಿನ ಹಿಂದಿನ ಮಾತು

ಮತ್ತೆ ಚೆಂಡು ಬಾಯಿಗೆ ಅಡ್ಡ ಬಂತು.

ಸರ್ವ್ ಮಾಡುವ ಮುನ್ನ ಡೊಮಿಂಗೋಸ್ ಚೆಂಡಿನಿಂದ ತುಟಿ ಮರೆಮಾಡಿಕೊಂಡು ಜೊತೆಗಾರನ ಕಿವಿಗೆ ಬಾಗಿದ. ಏನೋ ಹೇಳಿದ. ಕಿಗೊಜಿ ತಲೆಯಾಡಿಸಿ ನೆಟ್ ಹತ್ತಿರ ಹೋಗಿ ನಿಂತ. ಚೆಂಡು ಕ್ಯಾಲೊನ ರ‍್ಯಾಕೆಟ್ಟಿಗೆ ಎಟುಕದೆ ಕೆಂಪು ಧೂಳೆಬ್ಬಿಸಿ ಬೇಲಿಗೆ ಬಡಿಯಿತು. ಮೊದಲ ಸೆಟ್ ಹೋಯಿತು.

“ನೋಡ್ತಾ ನಿಂತ್ಯಲ್ಲೋ!” ಮುಟಿಸೊ ಕಿರುಚಿದ.

“ಎಲ್ಲಿಗೆ ಬರುತ್ತೆ ಅಂತ ಗೊತ್ತಿದ್ರೆ ತಾನೆ, ಅಣ್ಣಾ?”

“ಅವರಿಗೆ ಗೊತ್ತಿರುತ್ತೆ. ನಮಗೆ ಮಾತ್ರ ಗೊತ್ತಿರಲ್ಲ.”

ನೈರೋಬಿಯ ಈ ಟೆನಿಸ್ ಅಂಕಣದಲ್ಲೇ ಅಣ್ಣತಮ್ಮ ಆಟ ಕಲಿತದ್ದು. ಹನ್ನೊಂದು ವರ್ಷದಿಂದ ಜೋಡಿ. ಒಂದೇ ಮನೆ, ಒಂದೇ ಭಾಷೆ. ಆದರೂ ನಡುವೆ ಬಂದ ಚೆಂಡಿಗೆ “ನಿಂದು” ಎಂದು ಇಬ್ಬರೂ ಕೂಗುತ್ತಿದ್ದರು; ಚೆಂಡು ಇಬ್ಬರ ಮಧ್ಯೆ ನುಸುಳಿ ಹೋಗುತ್ತಿತ್ತು. ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಮುಟಿಸೊ ತಲೆಯೆತ್ತದೆ ಹೇಳಿದ್ದ: “ಇವತ್ತಿನ ಸೆಮಿಫೈನಲ್ ಸೋತ್ರೆ ಮುಗೀತು. ನಾನು ಬೇರೆ ಜೊತೆ ನೋಡ್ಕೋತೀನಿ.” ಕ್ಯಾಲೊ ತನ್ನ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಿದ್ದ.

ಎದುರಿನ ಜೋಡಿಯ ಹೆಸರನ್ನು ಸೋಮವಾರದವರೆಗೆ ಯಾರೂ ಕೇಳಿರಲಿಲ್ಲ. ಡೊಮಿಂಗೋಸ್ ಮೊಜಾಂಬಿಕ್‌ನವ, ಕಿಗೊಜಿ ಉಗಾಂಡಾದವ. ಬಂದವರೇ ಎರಡು ಜೋಡಿಗಳನ್ನು ಮನೆಗೆ ಕಳಿಸಿದ್ದರು. ಅಂಕಣದ ಹೊರಗೆ ಒಬ್ಬರೊಡನೊಬ್ಬರು ತುಟಿ ಬಿಚ್ಚುತ್ತಿರಲಿಲ್ಲ. ಊಟಕ್ಕೆ ಕೂತರೆ ಡೊಮಿಂಗೋಸ್ ಎರಡು ತುತ್ತು ತಿಂದು ತಟ್ಟೆಯನ್ನು ಕಿಗೊಜಿಯ ಕಡೆ ತಳ್ಳುತ್ತಿದ್ದ. ಗೆದ್ದಾಗಲೂ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

“ಕೊಬ್ಬು ನೋಡು,” ಎಂದಿದ್ದ ಮುಟಿಸೊ. “ಗೆದ್ದ ಮುಖಾನಾ ಅದು?”

ಸೆಟ್ ಮುಗಿದಾಗ ಅಕ್ಕ ಕಮೇನೆ ಬೇಲಿಯ ಬಳಿ ಬಂದಳು. ಎರಡು ವರ್ಷ ಮೊಜಾಂಬಿಕ್‌ನ ಮಾಪುಟೊ ನಗರದ ಹೋಟೆಲೊಂದರಲ್ಲಿ ಕೆಲಸ ಮಾಡಿದ್ದವಳು. ಅಷ್ಟು ಹೊತ್ತೂ ಡೊಮಿಂಗೋಸ್‌ನ ಬೆನ್ನ ಹಿಂದೆಯೇ ಕೂತಿದ್ದಳು.

“ಅವನು ಆಡೋದು ಪೋರ್ಚುಗೀಸು ಕಣ್ರೋ. ಪೂರ್ತಿ ಕೇಳಿಸಲ್ಲ. ‘ಅಮ್ಮ’ ಅಂತಾನೆ. ‘ಸೋಮವಾರ’ ಅಂತಾನೆ. ಒಂದೊಂದ್ಸಲ ‘ಹಳದಿ ಬಟ್ಟೆ’.”

ಮುಟಿಸೊನ ಕಣ್ಣು ಅರಳಿತು. “ಸಂಕೇತ! ಅಮ್ಮ ಅಂದಾಗ ಎಲ್ಲಿಗೆ ಹೊಡೆದ?”

“ಎರಡು ಸಲ ಹೊರಗಡೆ ಗೆರೆಗೆ. ಸೋಮವಾರ ಅಂದಾಗ ನಡುವೆ.”

“ಅಮ್ಮ ಅಂದ್ರೆ ತಲೆ ಮುಟ್ಟಕ್ಕಾ. ಸೋಮವಾರಕ್ಕೆ ಕಿವಿ. ಬಟ್ಟೆ ಏನು ಅಂತ ಆಮೇಲೆ ನೋಡೋಣ.”

ಕಮೇನೆ ತಲೆ ಮುಟ್ಟಿದಳು, ಕಿವಿ ಹಿಡಿದಳು. ಆಟಗಾರರು ಬದಿ ಬದಲಿಸಿದಾಗಲೆಲ್ಲ ಅವಳೂ ಕುರ್ಚಿ ಎತ್ತಿಕೊಂಡು ಆ ಕಡೆಗೆ ಹೊರಟಳು. ಪಕ್ಕದ ಮುದುಕನೊಬ್ಬ ಕೇಳಿಯೇಬಿಟ್ಟ: “ತಲೇಲಿ ಹೇನಾಗಿದೆಯೇನಮ್ಮಾ?”

ಎರಡನೇ ಸೆಟ್ ಅಣ್ಣತಮ್ಮಂದಿರ ಪಾಲಾಯಿತು. ಉಳಿದದ್ದು ಮೊದಲು ಹತ್ತು ಪಾಯಿಂಟ್ ಮುಟ್ಟಿದವರು ಗೆಲ್ಲುವ ಟೈಬ್ರೇಕ್.

ಅಲ್ಲಿ ಲೆಕ್ಕ ತಪ್ಪತೊಡಗಿತು. ಕಿವಿ ಹಿಡಿದರೆ ಚೆಂಡು ಹೊರಗಿನ ಗೆರೆಗೆ ಬಂತು. ತಲೆ ಮುಟ್ಟಿದರೆ ಎದೆಗೇ ಬಂತು. “ಸರಿಯಾಗಿ ಕೇಳಿಸ್ಕೊಳ್ಳೇ ಅಕ್ಕಾ!” ಎಂದು ಮುಟಿಸೊ ಮನೆಮಾತಾದ ಕಾಂಬಾ ಭಾಷೆಯಲ್ಲಿ ಅರಚಿದ. ಅಂಪೈರ್ ಅವನಿಗೆ ಎಚ್ಚರಿಕೆ ಕೊಟ್ಟ.

ಅಣ್ಣತಮ್ಮಂದಿರಿಗೆ ಎಂಟು, ಎದುರಿನವರಿಗೆ ಒಂಬತ್ತು. ಡೊಮಿಂಗೋಸ್‌ನ ಸರ್ವ್. ಮಣಿಕಟ್ಟಿನ ಪಟ್ಟಿಯಿಂದ ಅವನು ಕಣ್ಣು ಒರೆಸಿಕೊಂಡ. ಎಲ್ಲಿಲ್ಲದ ಸೆಕೆ. ಈ ಸಲ ಬಹಳ ಹೊತ್ತು ಪಿಸುಗುಟ್ಟಿದ. ಕಿಗೊಜಿ ಅವನ ಬೆನ್ನು ತಟ್ಟಿದ.

ಕಮೇನೆ ತಲೆ ಮುಟ್ಟಿದಳು.

ಮುಟಿಸೊ ಹೊರಗಿನ ಗೆರೆಯತ್ತ ಹೆಜ್ಜೆ ಹಾಕಿದ. ಚೆಂಡು ನಡುಗೆರೆ ಸವರಿಕೊಂಡು ಹೋಯಿತು.

ಮುಗಿಯಿತು. ಮುಟಿಸೊ ರ‍್ಯಾಕೆಟ್‌ಗಳನ್ನು ಚೀಲಕ್ಕೆ ತುರುಕಿದ. ತಮ್ಮನ ಮುಖ ನೋಡಲಿಲ್ಲ. ಸಂಪ್ರದಾಯ ಬಿಡಬಾರದೆಂದು ಕಮೇನೆ ಮಾತ್ರ ಗೆದ್ದ ಡೊಮಿಂಗೋಸ್‌ಗೆ ಅವನ ಭಾಷೆಯಲ್ಲೇ “ಚೆನ್ನಾಗಿ ಆಡಿದೆ” ಅಂದಳು.

ಚಹಾದ ಮೇಜಿನ ಹತ್ತಿರ ಕಿಗೊಜಿ ಅವಳನ್ನು ಹುಡುಕಿಕೊಂಡು ಬಂದ. ಹಿಂದೆ ಡೊಮಿಂಗೋಸ್.

“ಅಕ್ಕಾ, ನಿಮಗೆ ಇವನ ಭಾಷೆ ಬರುತ್ತೆ ಅಲ್ವಾ? ನಾಳೆ ಫೈನಲ್ಲು. ನನ್ನ ಕಿವೀಲಿ ಏನು ಹೇಳ್ತಾನೆ ಅಂತ ಕೇಳಿ ಹೇಳ್ತೀರಾ? ಏನಾದ್ರೂ ಉಪಾಯ ಇದ್ರೆ ನಾನೂ ಹಂಗೇ ಆಡ್ತೀನಿ.”

ಚೀಲ ಹೆಗಲಿಗೇರಿಸಿದ್ದ ಮುಟಿಸೊ ತಿರುಗಿದ. “ಅಂದ್ರೆ... ನಿನಗೆ ಅರ್ಥ ಆಗಲ್ವಾ?”

“ಒಂದಕ್ಷರಾನೂ ಇಲ್ಲ ಕಣಣ್ಣ. ಇಬ್ಬರಿಗೂ ಜೊತೆ ಇರಲಿಲ್ಲ, ಟೂರ್ನಿ ಆಫೀಸ್‌ನೋರು ಜೋಡಿ ಮಾಡಿದ್ರು. ಇವನು ಏನೋ ಅಂತಾನೆ, ನಾನು ಹೂಂ ಅಂತೀನಿ. ಸುಮ್ನಿದ್ರೆ ಬೇಜಾರು ಮಾಡ್ಕೊಂಡಾನು ಅಂತ.”

ಕ್ಯಾಲೊಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಮುಟಿಸೊ ಹಲ್ಲು ಕಚ್ಚಿ ನೋಡಿದ. ಆಮೇಲೆ ಅವನೂ ನಕ್ಕ. ಇಬ್ಬರೂ ಒಟ್ಟಿಗೆ ನಕ್ಕು ಎಷ್ಟು ತಿಂಗಳಾಗಿತ್ತೋ.

ಕಮೇನೆ ನಗುತ್ತಲೇ ಡೊಮಿಂಗೋಸ್‌ನನ್ನು ಕೇಳಿದಳು.

ಡೊಮಿಂಗೋಸ್ ತನ್ನ ಲೋಟವನ್ನು ಮೇಜಿನ ಮೇಲಿಟ್ಟ. ಆಮೇಲೆ ಅವಳತ್ತ ಅಲ್ಲ, ಕಿಗೊಜಿಯತ್ತ ತಿರುಗಿ ಹೇಳತೊಡಗಿದ. ಬಾಯಿಗೆ ಚೆಂಡಿನ ಮರೆಯಿರಲಿಲ್ಲ. ಕಿಗೊಜಿ ಎಂದಿನಂತೆ ಹೂಂಗುಟ್ಟಿದ. ಕಮೇನೆಯ ಮುಖದಲ್ಲಿ ನಗು ಇಲ್ಲವಾದದ್ದನ್ನು ಮೊದಲು ಕಂಡವನು ಮುಟಿಸೊ. ಅವನು ಹೆಗಲಿನ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

“ಏನಂತೆ ಅಕ್ಕಾ?” ಕಿಗೊಜಿ ಕೇಳಿದ.

“ಸೋಮವಾರ ಇವನಮ್ಮ ತೀರ್ಕೊಂಡ್ರಂತೆ. ಅವರದೇ ಹಳದಿ ಬಟ್ಟೆ ಹೊದಿಸಿ ಮಣ್ಣು ಮಾಡಿದ್ರಂತೆ. ತಾನು ಹೊರಟುಹೋದ್ರೆ ನಿನಗೆ ಜೊತೆ ಇರಲ್ಲ ಅಂತ ಇಲ್ಲೇ ಉಳ್ಕೊಂಡನಂತೆ,” ಎಂದಳು ಕಮೇನೆ. “ದಿನಾ ನಿನ್ನ ಹತ್ರ ಅದನ್ನೇ ಹೇಳ್ಕೊಂಡನಂತೆ. ನೀನು ಪ್ರತಿ ಸಲಾನೂ ಹೂಂ ಅಂದ್ಯಂತೆ.”