ಗುರುವಾರದ ಖಾಲಿ ತಟ್ಟೆಗಳು

ಮೂರನೆಯ ತಟ್ಟೆಯೂ ಖಾಲಿಯಾಗಿ ಹೊರಗೆ ಬಂತು.

ರಸ್ತೆಯ ಈಚೆ ಬದಿ ಔಷಧಿ ಅಂಗಡಿಯ ಕಂಬದ ಮರೆಯಲ್ಲಿ ನಿಂತಿದ್ದ ಟೈಲರಮ್ಮ ಮೂರನೆಯ ಬೆರಳು ಮಡಚಿದಳು. ಗುಂಡಿ, ದಾರ ತರಲೆಂದು ಪೇಟೆಗೆ ಬಂದವಳು ಗಂಡ ಎದುರಿನ ಹೋಟೆಲಿಗೆ ನುಗ್ಗುವುದನ್ನು ಕಂಡು ಅಲ್ಲೇ ನಿಂತುಬಿಟ್ಟಿದ್ದಳು. ಆತ ನೆಟ್ಟಗೆ ಹೋಗಿ ಮೂಲೆಯ ಪರದೆಯ ಹಿಂದೆ ಮಾಯವಾಗಿದ್ದ. ಆಮೇಲೆ ಹೋಟೆಲಿನ ಗಾಜಿನೊಳಗಿಂದ ಅವಳಿಗೆ ಕಂಡದ್ದು ತಟ್ಟೆಗಳು ಮಾತ್ರ. ಕರಿದ ಮೀನು ಒಳಗೆ ಹೋಯಿತು, ಮುಳ್ಳು ಹೊರಗೆ ಬಂತು. ಹುರಿದ ಕೋಳಿ ಹೋಯಿತು, ಮೂಳೆ ಬಂತು. ಕೇಕ್ ಹೋಯಿತು, ಪುಡಿಯೂ ವಾಪಸ್ ಬರಲಿಲ್ಲ.

ಬೇರೆಯವರ ಗಂಡನಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಈತನ ಹೊಟ್ಟೆಯನ್ನು ಐದು ತಿಂಗಳ ಹಿಂದೆಯಷ್ಟೇ ತೂಕ ಇಳಿಸಲೆಂದು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿದ್ದರು. ಸ್ಕೂಲ್ ಬಸ್ಸಿನ ಡ್ರೈವರ್. ಮೊದಲೆಲ್ಲ ಹೊಟ್ಟೆ ಸ್ಟೇರಿಂಗಿಗೆ ತಾಗಿ, ತಿರುವಿನಲ್ಲಿ ತಾನಾಗಿಯೇ ಹಾರನ್ ಹೊಡೆದುಕೊಳ್ಳುತ್ತಿತ್ತು. ಮಕ್ಕಳಿಗೆ ಅದೊಂದು ತಮಾಷೆ. ಡಾಕ್ಟರಿಗೆ ಮಾತ್ರ ನಗು ಬರಲಿಲ್ಲ. ಆಪರೇಷನ್ ದಿನ ಟೈಲರಮ್ಮ ಬಾಗಿಲ ಹೊರಗೆ ಮೂರು ಗಂಟೆ ಕೂತಿದ್ದಳು, ಕೊರಳಲ್ಲಿ ಮರೆತು ಬಂದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಒಂದು ಹೊತ್ತಿಗೆ ನಾಲ್ಕೈದು ಚಮಚ, ಅದರ ಮೇಲೆ ತಿಂದರೆ ಜೀವಕ್ಕೇ ಅಪಾಯ ಎಂದು ಹೇಳಿ ಕಳಿಸಿದ್ದರು.

"ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ?" ಸಂಜೆ ಕೇಳಿದಳು.

"ಗ್ಯಾರೇಜಿಗೆ. ಬ್ರೇಕ್ ಸ್ವಲ್ಪ ಸಡಿಲ ಆಗಿತ್ತು."

"ನಿಮ್ಮದೋ, ಬಸ್ಸಿಂದೋ?"

ಆತ ಸೂಪಿನ ಬಟ್ಟಲಿಗೆ ಚಮಚ ಹಾಕಿದ. ಅವಳು ಹೊಸ ಶರ್ಟಿನ ನೆಪ ಮಾಡಿ ಸೊಂಟದ ಅಳತೆ ತೆಗೆದಳು. ಹೋದ ವಾರಕ್ಕಿಂತ ಅರ್ಧ ಇಂಚು ಕಡಿಮೆ! ಇಪ್ಪತ್ತು ವರ್ಷ ಅವಳಿಗೆ ಸುಳ್ಳು ಹೇಳದ ಟೇಪು ಅದು.

ಮರುದಿನ ಹೊಲಿಗೆ ಅಂಗಡಿಗೆ ಪಥ್ಯದ ಮೇಡಂ ಬಂದರು. ಆಸ್ಪತ್ರೆಯಲ್ಲಿ ಯಾವ ರೋಗಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಚೀಟಿ ಬರೆದುಕೊಡುವವರು. ಅವರ ಕಣ್ಣು ತಪ್ಪಿಸಿ ಒಂದು ಬಿಸ್ಕತ್ತು ತಿಂದವರಿಲ್ಲ. ಬಿಳಿ ಕೋಟನ್ನು ಮೇಜಿನ ಮೇಲಿಟ್ಟು, "ಒಗೆದೂ ಒಗೆದೂ ಕುಗ್ಗಿಬಿಟ್ಟಿದೆ ಕಣ್ರೀ, ಎರಡಿಂಚು ಬಿಡಿಸಿಕೊಡಿ" ಎಂದರು.

ಕೋಟಿನ ಚಿಂತೆ ಯಾರಿಗೆ? ಟೈಲರಮ್ಮ ಕಣ್ಣೀರು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಮೀನು, ಕೋಳಿ, ಕೇಕು, ಒಂದನ್ನೂ ಬಿಡಲಿಲ್ಲ.

ಮೇಡಂ ಮುಖ ಬಿಳಿಚಿಕೊಂಡಿತು. "ನೀವು ಒಳಗೆ ಹೋದ್ರಾ?"

"ಇಲ್ಲ ಮೇಡಂ, ಧೈರ್ಯ ಬರ್ಲಿಲ್ಲ."

"ಒಳ್ಳೇದಾಯ್ತು. ಜಗಳ ಆಡಿ ಅವರ ಮನಸ್ಸು ಕೆಡಿಸಬೇಡಿ. ಅವರು ಅಳತೆ ಮೀರಿ ಒಂದು ಚಮಚಾನೂ ತಿಂದಿರಲ್ಲ. ಅದಕ್ಕೆ ನಾನು ಜವಾಬ್ದಾರಿ."

"ಹಾಗಾದ್ರೆ ಮುಂದಿನ ಗುರುವಾರ ನನ್ನ ಜೊತೆ ನೀವೇ ಬಂದುಬಿಡಿ. ಕೈಯಾರೆ ಹಿಡಿಯೋಣ."

"ಗುರುವಾರ ಮಧ್ಯಾಹ್ನ ಮಾತ್ರ ಆಗಲ್ಲಮ್ಮ," ಮೇಡಂ ತಡವರಿಸಿದರು. "ಒಬ್ಬ ಪೇಷಂಟ್ ಜೊತೆ ಕೂತಿರಬೇಕು. ಪಾಪ, ನಾನಿಲ್ಲದೆ ಅವರಿಗೆ ಊಟಾನೇ ಸೇರಲ್ಲ."

ಎಂಥ ಕರುಳು ಎಂದುಕೊಂಡಳು ಟೈಲರಮ್ಮ. ಕೋಟಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಗುರುವಾರ ಒಬ್ಬಳೇ ಹೊರಟಳು. ಈ ಸಲ ಕಂಬದ ಹಿಂದೆ ನಿಲ್ಲಲಿಲ್ಲ. ಸೀದಾ ಒಳಗೆ ನಡೆದಳು. ಪರದೆಗೆ ನಾಲ್ಕು ಹೆಜ್ಜೆ ಇರುವಾಗ ತಟ್ಟನೆ ನಿಂತಳು. ಒಳಗೆ ಹೆಣ್ಣೊಬ್ಬಳು ಬಾಯಿ ತುಂಬಿಕೊಂಡು ನಗುತ್ತಿದ್ದಳು.

ಓಹೋ! ಹಾಗೋ ಸಮಾಚಾರ! ಕೂದಲಿಗೆ ಹೊಸದಾಗಿ ಬಣ್ಣ ಬಂದದ್ದು, ಕನ್ನಡಿ ಮುಂದೆ ಸೀಟಿ ಹೊಡೆಯುವುದು ಶುರುವಾದದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಬಂದ ಯಮನನ್ನು ವಾಪಸ್ ಕಳಿಸಿ ಉಳಿಸಿಕೊಂಡ ಗಂಡ. ಅವನ ಐದು ಶರ್ಟುಗಳನ್ನು ಹಿಡಿದು ಹೊಲಿದು, ನಲವತ್ತು ಕಿಲೋ ಇಳಿದ ಮೈಗೆ ಒಪ್ಪವಾಗಿ ಕೂರಿಸಿದವಳು ತಾನು. ಅಲಂಕಾರ ಮಾಡಿ ಕಳಿಸಿದ್ದು ಯಾವ ಮನೆಹಾಳಿಗೆ?

ತಟ್ಟೆ ಹಿಡಿದ ಮಾಣಿ ಅಡ್ಡ ಬಂದ. "ಅಮ್ಮಾ, ಅಲ್ಲಿ ಜನ ಇದಾರೆ."

"ಎಷ್ಟು ಜನ?"

"ಇಬ್ಬರು. ವಾರ ವಾರ ಬರ್ತಾರೆ. ಆರ್ಡರ್ ಕೊಡೋದು ಅವರು, ತಿನ್ನೋದು ಇವರು."

"ಯಾರು ತಿಂತಾರೆ ಅಂತ ನಂಗೊತ್ತಪ್ಪ," ಎಂದು ಅವಳು ಹಲ್ಲು ಕಚ್ಚಿದಳು.

ಒಳಗಿಂದ ಗಂಡನ ದನಿ ಜೇನಿನ ಹಾಗೆ ತೊಟ್ಟಿಕ್ಕಿತು: "ಇನ್ನೊಂದು ತುಂಡು ತಗೊಳ್ಳಿ, ನನ್ನಾಣೆ. ನೀವು ತಿನ್ನೋದು ನೋಡಿದ್ರೆ ನನ್ನ ಹೊಟ್ಟೆ ತುಂಬುತ್ತೆ. ಮನೇಲಿ ನನ್ನೆದುರಿಗೆ ಯಾರೂ ಒಂದು ತುತ್ತು ನೆಮ್ಮದಿಯಾಗಿ ತಿನ್ನಲ್ಲ, ಪಾಪ, ನಮ್ಮವಳು ನನಗೆ ಆಸೆಯಾಗುತ್ತೆ ಅಂತ ಅಡುಗೆಮನೇಲಿ ನಿಂತ್ಕೊಂಡೇ ನುಂಗಿ ಬರ್ತಾಳೆ."

ಟೈಲರಮ್ಮನ ಕಣ್ಣು ಒಂದು ಕ್ಷಣ ಮಂಜಾಯಿತು. ಒಂದೇ ಒಂದು ಕ್ಷಣ. ಸೆರಗು ಸಿಕ್ಕಿಸಿಕೊಂಡು ಪರದೆಯನ್ನು ಸರ್ರನೆ ಎಳೆದಳು.

"ಟೈಲರಮ್ಮಾ!" ಎರಡೂ ಕೈಯಲ್ಲಿ ಕೋಳಿ ಕಾಲು ಹಿಡಿದಿದ್ದ ಪಥ್ಯದ ಮೇಡಂ ಬಾಯಲ್ಲಿದ್ದದ್ದನ್ನು ಗುಳಕ್ಕನೆ ನುಂಗಿ ಅಂದರು, "ದಮ್ಮಯ್ಯ, ನಮ್ಮ ಡಾಕ್ಟರಿಗೆ ಮಾತ್ರ ಹೇಳ್ಬೇಡಿ!"